ವಿಮಾನ ಇಳಿಯುವಾಗ ಪಾಪು ಯಾಕೆ ಅಳುತ್ತದೆ?

ಆಗುಂಬೆ ಘಾಟಿ ಇಳಿಯುವಾಗ ಕಿವಿ ಮುಚ್ಚಿಕೊಂಡಂತಾಗುತ್ತದೆ, ಅಲ್ವಾ? ಎಂಜಲು ನುಂಗಿದರೆ ಪಟ್ ಅಂತ ಬಿಟ್ಟುಕೊಳ್ಳುತ್ತದೆ. ವಿಮಾನ ಇಳಿಯುವಾಗ ಆಗುವುದೂ ಇದೇ, ಇನ್ನೂ ಜೋರಾಗಿ. ಆಗ ಎಂಜಲು ನುಂಗಬೇಕು ಅಂತ ನಮಗೆ ಗೊತ್ತು. ಎಂಟು ತಿಂಗಳ ಪಾಪುವಿಗೆ ಹೇಗೆ ಗೊತ್ತಾಗಬೇಕು?

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಹೋಗುತ್ತದೆ. ಅದಕ್ಕೆ ಯುಸ್ಟೇಷಿಯನ್ ನಾಳ ಎಂದು ಹೆಸರು. 16ನೇ ಶತಮಾನದ ಇಟಲಿಯ ವೈದ್ಯ ಬಾರ್ತೊಲೊಮಿಯೊ ಯುಸ್ಟೇಕಿಯಿಂದ ಬಂದ ಹೆಸರದು. ಸಾಮಾನ್ಯವಾಗಿ ಈ ನಾಳ ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಒಂದು ಕ್ಷಣ ತೆರೆಯುತ್ತದೆ.

ವಿಮಾನ ಮೇಲೇರುವಾಗ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತಾ ಹೋಗುತ್ತದೆ. ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು. ಆಗ ಕಿವಿಯೊಳಗಿನ ಗಾಳಿ ತಾನೇ ನಾಳವನ್ನು ತಳ್ಳಿಕೊಂಡು ಹೊರಬರುತ್ತದೆ. ತೊಂದರೆ ಇರುವುದು ಇಳಿಯುವಾಗ. ಸುತ್ತಲಿನ ಒತ್ತಡ ಏರುತ್ತಾ ನಾಳದ ಮೆತ್ತನೆಯ ತುದಿಯನ್ನು ಇನ್ನಷ್ಟು ಅದುಮುತ್ತದೆ. ಗಾಳಿ ಒಳಗೆ ಹೋಗಲಾರದು. ತಮಟೆ ಒಳಕ್ಕೆ ಬಾಗುತ್ತದೆ, ನೋಯುತ್ತದೆ. ಮೇಲೆ ಹಾರುವಾಗ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಇಳಿದ ಮೇಲೆ ಸೊಟ್ಟಗಾಗಿರುವುದನ್ನು ನೋಡಿದ್ದೀರಾ? ಅದೇ ಒತ್ತಡ.

ಪಾಪುವಿನ ನಾಳ ದೊಡ್ಡವರದ್ದರ ಅರ್ಧದಷ್ಟೇ ಉದ್ದ. ಹೆಚ್ಚು ಮೆತ್ತಗೆ, ಹೆಚ್ಚು ಅಡ್ಡಡ್ಡ. ಅದನ್ನು ತೆರೆಯುವ ಸ್ನಾಯುವಿನ ಕೆಲಸವೂ ಇನ್ನೂ ಪಳಗಿರುವುದಿಲ್ಲ. ನೆಗಡಿಯಾಗಿದ್ದರಂತೂ ನಾಳ ಊದಿಕೊಂಡಿರುತ್ತದೆ. ಆಗ ಹೊರಡುವ ಮೊದಲೇ ವೈದ್ಯರನ್ನು ಕೇಳುವುದು ಒಳ್ಳೆಯದು.

ಇಳಿಯುವ ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 90ರಷ್ಟು. ದೂರದಿಂದ ಬರುವ ವಿಮಾನದೊಳಗೆ ಅದು ಶೇ. 75ರವರೆಗೂ ಇಳಿದಿರಬಹುದು. ಅಂದರೆ ಬೆಂಗಳೂರಲ್ಲಿ ಇಳಿದರೆ ಕಿವಿ 75ರಿಂದ 90ಕ್ಕೆ ಹೊಂದಿಕೊಂಡರೆ ಸಾಕು. ಮುಂಬೈಯಲ್ಲಾದರೆ ಪೂರ್ತಿ ನೂರಕ್ಕೆ.

ಹಾಗಾದರೆ ಏನು ಮಾಡಬೇಕು? ಪಾಪು ನುಂಗುವಂತೆ ಮಾಡಬೇಕು. ಎದೆಹಾಲೋ ಬಾಟಲಿ ಹಾಲೋ, ತಲೆ ಸ್ವಲ್ಪ ಎತ್ತಿ ಹಿಡಿದು ಕುಡಿಸಿ. ಹೊತ್ತು ನೋಡಿಕೊಳ್ಳುವುದು ಮುಖ್ಯ. ಎಷ್ಟೋ ತಾಯಂದಿರು ವಿಮಾನ ಏರುವಾಗಲೇ ಹೊಟ್ಟೆ ತುಂಬಾ ಕುಡಿಸಿಬಿಡುತ್ತಾರೆ. ಇಳಿಯುವಾಗ ಪಾಪುವಿಗೆ ಹಾಲು ಬೇಡವಾಗಿರುತ್ತದೆ. ವಿಮಾನ ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಇಳಿಯಲು ಶುರುಮಾಡುತ್ತದೆ. ಒಂದು ಸಲದ ಹಾಲನ್ನು ಆ ಹೊತ್ತಿಗೇ ಉಳಿಸಿಕೊಳ್ಳಿ. ನಿದ್ದೆಯಲ್ಲಿ ನುಂಗುವುದು ಕಡಿಮೆ, ಹಾಗಾಗಿ ಮಲಗಿದ್ದರೆ ಎಬ್ಬಿಸಿ. ಪಾಪ ಅನ್ನಿಸುತ್ತದೆ ನಿಜ, ಆದರೂ ಎಬ್ಬಿಸುವುದೇ ಮೇಲು.

ಎರಡು ವರ್ಷದ ಮಗುವಿಗೆ ಸ್ಟ್ರಾ ಹಾಕಿ ನೀರು ಕೊಡಬಹುದು. ಪೆಪ್ಪರಮೆಂಟು ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಕಿವಿಗೆ ಹತ್ತಿ ಇಟ್ಟರೂ ಉಪಯೋಗವಿಲ್ಲ. ಅದರ ಎಳೆಗಳ ನಡುವೆ ಗಾಳಿ ಸಲೀಸಾಗಿ ಓಡಾಡುತ್ತದೆ.

ಏನು ಮಾಡಿದರೂ ಅಳುತ್ತಿದೆಯಾ? ಅಳಲಿ ಬಿಡಿ. ಅಳುವಿನ ನಡುನಡುವೆ ಪಾಪು ಎಂಜಲು ನುಂಗುತ್ತದೆ, ಅಷ್ಟಷ್ಟೇ ನಾಳವೂ ತೆರೆಯುತ್ತದೆ. ಅಕ್ಕಪಕ್ಕದವರು ಮುಖ ಸಿಂಡರಿಸಿದರೆ ನೀವು ಕುಗ್ಗಬೇಕಿಲ್ಲ. ಇಳಿದ ಮೇಲೆ ಹೆಚ್ಚಿನ ಮಕ್ಕಳು ಬೇಗ ಸರಿಹೋಗುತ್ತಾರೆ. ಗಂಟೆಗಟ್ಟಲೆ ಅಳು ನಿಲ್ಲದಿದ್ದರೆ, ಕಿವಿಯಿಂದ ನೀರೋ ರಕ್ತವೋ ಬಂದರೆ, ತಡಮಾಡದೆ ವೈದ್ಯರಿಗೆ ತೋರಿಸಿ.