ಟರ್ಕಿ ಬೇಟೆಗೆ ಎಂಥ ಕೋವಿ ಬೇಕು?

ಅಮೆರಿಕದ ಕಾಡು ಟರ್ಕಿಯ ಗಂಡು ಸಾಮಾನ್ಯವಾಗಿ 7ರಿಂದ 11 ಕಿಲೋ ತೂಗುತ್ತದೆ. ಇಷ್ಟು ದೊಡ್ಡ ಹಕ್ಕಿಗೆ ಗುರಿ ಇಡುವುದು ಸುಲಭ ಅನ್ನಿಸಬಹುದು. ಆದರೆ ಬೇಟೆಗಾರ ಗುರಿ ಇಡಬೇಕಾದದ್ದು ಆ ದೊಡ್ಡ ಮೈಗೆ ಅಲ್ಲ. ಎದೆಯ ಮೇಲೆ ಒತ್ತಾದ ಗರಿ, ಅದರಡಿ ದಪ್ಪ ಮಾಂಸ, ಪಕ್ಕದಲ್ಲಿ ರೆಕ್ಕೆಯ ಗಟ್ಟಿ ಮೂಳೆ. ಅಲ್ಲಿ ಈಡು ಬಿದ್ದರೆ ಹಕ್ಕಿ ಗಾಯ ಹೊತ್ತೇ ಹಾರಿಹೋಗುತ್ತದೆ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ತಕ್ಷಣ ಪ್ರಾಣ ಹೋಗಬೇಕಾದರೆ ಗುಂಡು ಮಿದುಳಿಗೋ ಕತ್ತಿನ ಮೂಳೆಗೋ ತಾಗಬೇಕು. ಅದು ತೀರಾ ಕಿರಿದಾದ ಜಾಗ. ಅದೂ ಸುಮ್ನೆ ನಿಲ್ಲುವುದಿಲ್ಲ, ಹೆಜ್ಜೆಹೆಜ್ಜೆಗೂ ಹಿಂದೆಮುಂದೆ ಆಡುತ್ತಿರುತ್ತದೆ.

ಅದಕ್ಕೇ ಇಲ್ಲಿ ಚರೆ ಹಾರಿಸುವ ಕೋವಿ ಬೇಕು. ಒಂದೇ ತೋಟಾದಿಂದ ನೂರಾರು ಸಣ್ಣ ಗುಂಡುಗಳು ಒಟ್ಟಿಗೆ ಹೋಗಬೇಕು, ಅವು ಚೆದುರದೆ ಗುಂಪಾಗಿ ಬೀಳಬೇಕು, ಒಂದೊಂದಕ್ಕೂ ಮೂಳೆ ಮುರಿಯುವಷ್ಟು ಬಲ ಇರಬೇಕು.

ಇದಕ್ಕೆ ಬಹಳ ಕಾಲ ಇದ್ದ ಉತ್ತರ ಒಂದೇ: ಇನ್ನೂ ದೊಡ್ಡ ಕೋವಿ. ನಮ್ಮ ಕೊಡಗು, ಮಲೆನಾಡಿನವರು 12 ಬೋರ್ ಅನ್ನುವುದನ್ನೇ ಅಮೆರಿಕದವರು 12 ಗೇಜ್ ಅನ್ನುತ್ತಾರೆ. ಈ ಅಳತೆ ಸ್ವಲ್ಪ ವಿಚಿತ್ರ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಎಷ್ಟು ದಪ್ಪ ಬರುತ್ತದೋ ಅಷ್ಟು ಅಗಲದ ನಳಿಗೆ ಇದರದ್ದು, ಅಂದರೆ ಸುಮಾರು 18.5 ಮಿಲಿಮೀಟರ್. 20 ಗುಂಡು ಹೊಯ್ದರೆ ಒಂದೊಂದೂ ಚಿಕ್ಕದಾಗುತ್ತದೆ. ಹಾಗಾಗಿ 20 ಗೇಜ್ ನಳಿಗೆ 15.6 ಮಿಲಿಮೀಟರ್ ಅಷ್ಟೇ. ಸಂಖ್ಯೆ ಹೆಚ್ಚಿದಷ್ಟೂ ಕೋವಿ ಸಣ್ಣದು. 410 ಅನ್ನುವ ಪುಟ್ಟ ಕೋವಿ ಮಾತ್ರ ಈ ಲೆಕ್ಕದಲ್ಲಿಲ್ಲ. ಅದರ ನಳಿಗೆ 0.410 ಇಂಚು ಅಗಲ, ಅದೇ ಅದರ ಹೆಸರು.

1988ರಲ್ಲಿ 12 ಗೇಜ್ ಕೋವಿಗೆ ಮೂರೂವರೆ ಇಂಚಿನ ತೋಟಾ ಬಂತು. ಅದರಲ್ಲಿ 57 ಗ್ರಾಂ, ಕೆಲವೊಮ್ಮೆ ಅದಕ್ಕೂ ಸ್ವಲ್ಪ ಹೆಚ್ಚು ಚರೆ ತುಂಬಬಹುದು. ಗುಂಪು ದಟ್ಟವಾಯಿತು, ನಿಜ. ಆದರೆ ನ್ಯೂಟನ್ನನ ಮೂರನೇ ನಿಯಮ ಯಾರನ್ನೂ ಬಿಡುವುದಿಲ್ಲ. 57 ಗ್ರಾಂ ಸೀಸ ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಮುಂದೆ ಹೋದರೆ, 3.2 ಕಿಲೋದ ಕೋವಿ ಸೆಕೆಂಡಿಗೆ 6 ಮೀಟರಿಗೂ ಜಾಸ್ತಿ ವೇಗದಲ್ಲಿ ಹಿಂದಕ್ಕೆ ಬಂದು ಭುಜಕ್ಕೆ ಗುದ್ದುತ್ತದೆ. ಮದ್ದಿನ ಅನಿಲದ ತಳ್ಳಾಟ ಬೇರೆ. ಈ ಏಟು ಒಂದೆರಡು ಬಾರಿ ತಿಂದ ಮೇಲೆ ಮೈ ತಾನಾಗಿಯೇ ಹೆದರುತ್ತದೆ. ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ, ಭುಜ ಬಿಗಿಯುತ್ತದೆ, ಗುರಿ ತಪ್ಪುತ್ತದೆ. ಬಲಕ್ಕಾಗಿ ಕೊಂಡ ಕೋವಿಯೇ ಹಕ್ಕಿಯನ್ನು ಗಾಯಗೊಳಿಸಿ ಬಿಡುವ ಕೋವಿಯಾಗುತ್ತದೆ.

ಈ ಕಗ್ಗಂಟನ್ನು ಬಿಡಿಸಿದ್ದು ಕೋವಿಯಲ್ಲ, ಲೋಹ. ಸೀಸದ ಒಂದು ಘನ ಸೆಂಟಿಮೀಟರ್ 11 ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಉಕ್ಕು 8 ಗ್ರಾಂಗೂ ಕಡಿಮೆ. ಟಂಗ್‌ಸ್ಟನ್ ಪುಡಿಗೆ ಬೇರೆ ಲೋಹಗಳನ್ನು ಸ್ವಲ್ಪ ಬೆರೆಸಿ, ಒತ್ತಿ, ಕಾಯಿಸಿ ಮಾಡಿದ ಗುಂಡಿನ ಲೋಹ ಅದೇ ಒಂದು ಘನ ಸೆಂಟಿಮೀಟರಿಗೆ ಸುಮಾರು 18 ಗ್ರಾಂ ತೂಗುತ್ತದೆ. ಇದನ್ನು ಬೇಟೆಗಾರರು ಟಿಎಸ್ಎಸ್ (ಟಂಗ್‌ಸ್ಟನ್ ಸೂಪರ್ ಶಾಟ್) ಅನ್ನುತ್ತಾರೆ.

ಒಂದೇ ವೇಗದಲ್ಲಿ ಬರುವ ಎರಡು ಗುಂಡುಗಳಲ್ಲಿ ಯಾವುದು ಹೆಚ್ಚು ಆಳಕ್ಕೆ ಇಳಿಯುತ್ತದೆ? ಹಿಂದಿರುವ ತೂಕವನ್ನು ಮುಂದಿನ ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಉತ್ತರದ ಅಂದಾಜು ಸಿಗುತ್ತದೆ. ಪಿಂಗ್‌ಪಾಂಗ್ ಚೆಂಡು ಎಷ್ಟು ಜೋರಾಗಿ ಎಸೆದರೂ ಬೇಗ ಸೋಲುತ್ತದೆ, ಗಾಜಿನ ಗೋಲಿ ಸೋಲುವುದಿಲ್ಲ, ಅಲ್ವಾ? ದುಂಡಗಿನ ಗುಂಡಿಗೆ ಈ ಲೆಕ್ಕ ತುಂಬ ಸರಳ: ಸಾಂದ್ರತೆಯನ್ನು ವ್ಯಾಸದಿಂದ ಗುಣಿಸಿದರೆ ಸಾಕು. 5ನೇ ನಂಬರಿನ ಸೀಸದ ಚರೆಯ ವ್ಯಾಸ ಸುಮಾರು 3 ಮಿಲಿಮೀಟರ್. 11ನ್ನು 3ರಿಂದ ಗುಣಿಸಿದರೆ 33. 9ನೇ ನಂಬರಿನ ಟಂಗ್‌ಸ್ಟನ್ ಚರೆಯ ವ್ಯಾಸ 2 ಮಿಲಿಮೀಟರ್ ಮಾತ್ರ. 18ನ್ನು 2ರಿಂದ ಗುಣಿಸಿದರೆ 36. ಸಾಸಿವೆಯಷ್ಟು ಸಣ್ಣ ಈ ಗುಂಡು ತನಗಿಂತ ಒಂದೂವರೆ ಪಟ್ಟು ದಪ್ಪದ ಸೀಸದ ಗುಂಡಿನಷ್ಟೇ ಆಳಕ್ಕೆ ಹೋಗಬಲ್ಲದು!

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಒಂದು ಔನ್ಸ್, ಅಂದರೆ 28 ಗ್ರಾಂ, 5ನೇ ನಂಬರಿನ ಸೀಸದಲ್ಲಿ ಸುಮಾರು 170 ಗುಂಡು ಬರುತ್ತವೆ. ಅದೇ ತೂಕದ 9ನೇ ನಂಬರ್ ಟಂಗ್‌ಸ್ಟನ್‌ನಲ್ಲಿ ಸುಮಾರು 360. ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ 12 ಗೇಜ್ ಮಾಡುತ್ತಿದ್ದ ಕೆಲಸವನ್ನು 20 ಗೇಜ್ ಆರಾಮವಾಗಿ ಮಾಡುತ್ತದೆ. ಮಕ್ಕಳ ಕೋವಿ ಅಂತ ಜನ ಪಕ್ಕಕ್ಕಿಟ್ಟಿದ್ದ 410 ಕೂಡ ಈಗ ಟರ್ಕಿ ಬೇಟೆಗೆ ಸಲ್ಲುತ್ತದೆ.

ಬೆಲೆ ಮಾತ್ರ ಸೀಸದ ತೋಟಾಗಿಂತ ಎಷ್ಟೋ ಪಟ್ಟು. ಆದರೂ ಒಂದು ಋತುವಿನಲ್ಲಿ ಟರ್ಕಿ ಬೇಟೆಗಾರ ಹಾರಿಸುವುದು ಕೆಲವೇ ಈಡು. ಸೀಸ ಬಿಡಲು ಇನ್ನೊಂದು ಕಾರಣವೂ ಇದೆ, ನನಗೆ ಅದೇ ಮುಖ್ಯ. ನೆಲಕ್ಕೆ ಬಿದ್ದ ಸೀಸದ ಚರೆಯನ್ನು ಹಕ್ಕಿಗಳು ಕಲ್ಲಿನ ಹರಳು ಅಂತ ನುಂಗುತ್ತವೆ. ಗುಂಡು ತಗುಲಿದ ಪ್ರಾಣಿಯನ್ನು ತಿಂದ ಹದ್ದುಗಳ ರಕ್ತಕ್ಕೂ ಆ ವಿಷ ಸೇರುತ್ತದೆ. ನೀರುಹಕ್ಕಿಗಳ ಬೇಟೆಯಲ್ಲಿ ಸೀಸವನ್ನು ಅಮೆರಿಕ 1991ರಲ್ಲೇ ದೇಶದಾದ್ಯಂತ ನಿಷೇಧಿಸಿತು. ಕ್ಯಾಲಿಫೋರ್ನಿಯ 2019ರಿಂದ ಎಲ್ಲ ಬೇಟೆಗೂ ನಿಷೇಧಿಸಿದೆ.

ನಳಿಗೆಯ ತುದಿಯಲ್ಲಿ ತಿರುಗಿಸಿ ಕೂರಿಸುವ ಚೋಕ್ ಅನ್ನುವ ಸಣ್ಣ ಕೊಳವೆಯೂ ಕೋವಿಯಷ್ಟೇ ಮುಖ್ಯ. ಅದು ನಳಿಗೆಯ ಬಾಯನ್ನು ಕಿರಿದಾಗಿಸಿ ಚರೆ ಬೇಗ ಹರಡದಂತೆ ಮಾಡುತ್ತದೆ. 12 ಗೇಜ್‌ನ ಟರ್ಕಿ ಚೋಕ್ ಬಾಯಿ 18.5ರಿಂದ 17 ಮಿಲಿಮೀಟರಿಗೂ ಕೆಳಗಿಳಿಯುತ್ತದೆ. ಹಾಗಂತ ಬಿಗಿ ಹೆಚ್ಚಿದಷ್ಟೂ ಒಳ್ಳೆಯದು ಅಂತಲ್ಲ. ಮೆತ್ತಗಿನ ಸೀಸ ಒತ್ತಡಕ್ಕೆ ಚಪ್ಪಟೆಯಾಗಿ ದಿಕ್ಕು ತಪ್ಪುತ್ತದೆ. ಟಂಗ್‌ಸ್ಟನ್ ತುಂಬ ಗಟ್ಟಿ, ಅದಕ್ಕೆಂದು ಮಾಡದ ಚೋಕ್‌ನಲ್ಲಿ ಹಾರಿಸಿದರೆ ಕೋವಿಗೇ ಹಾನಿ. ಜೊತೆಗೆ, ಬಿಗಿಯಾದ ಗುಂಪು 10 ಮೀಟರಿನಲ್ಲಿ ಮುಷ್ಟಿಯಷ್ಟೇ ಇರುತ್ತದೆ. ಹತ್ತಿರ ಬಂದ ಹಕ್ಕಿಗೇ ಗುರಿ ತಪ್ಪುವುದು ಇದರಿಂದ. ಹಾಗಾಗಿ ಗುರಿ ಹಿಡಿಯಲು ನಳಿಗೆಯ ಮೇಲಿರುವ ಒಂದು ಮಣಿ ಸಾಲದು. ಕೆಂಪು ಚುಕ್ಕೆ ತೋರಿಸುವ ಗುರಿ ಸಾಧನ (ಸೈಟ್) ಇದ್ದರೆ ಒಳ್ಳೆಯದು.

ಬೇಟೆಗಾರ ಮರಕ್ಕೆ ಒರಗಿ ಕೂತು, ಹೆಣ್ಣಿನ ಕೂಗು ಅಣಕಿಸಿ ಗಂಡನ್ನು ಕರೆಯುತ್ತಾನೆ. ಟರ್ಕಿಯ ಕಣ್ಣು ಬಹಳ ಚುರುಕು, ಮಿನುಗುವ ಲೋಹವನ್ನು ದೂರದಿಂದಲೇ ಕಾಣುತ್ತದೆ. ಅದಕ್ಕೇ ಹೊಳಪಿಲ್ಲದ ಕೋವಿ, ಸುಮಾರು ಎರಡಡಿಯ ಗಿಡ್ಡ ನಳಿಗೆ. ಬಟ್ಟೆಯಲ್ಲಿ ಕೆಂಪು, ಬಿಳಿ, ನೀಲಿ ಬೇಡವೇ ಬೇಡ. ವಸಂತದಲ್ಲಿ ಗಂಡು ಟರ್ಕಿಯ ತಲೆಗೂ ಇದೇ ಬಣ್ಣಗಳಿರುತ್ತವೆ, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿ ಅಂದುಕೊಳ್ಳಬಹುದು.

ನನ್ನನ್ನು ಕೇಳಿದರೆ, ಹೊಸಬರಿಗೆ ಭುಜಕ್ಕೆ ಸರಿಹೊಂದುವ 20 ಗೇಜ್ ಸಾಕು. ಕೊಂಡ ಮೇಲೆ ದೊಡ್ಡ ಕಾಗದದ ಮೇಲೆ 25 ಸೆಂಟಿಮೀಟರ್ ಅಗಲದ ವೃತ್ತ ಬರೆದು, 36 ಮೀಟರ್ ದೂರದಿಂದ ಹೊಡೆದು ನೋಡಿ. ವೃತ್ತದೊಳಗೆ ನೂರು ತೂತಾದರೂ ಇರಬೇಕು ಅನ್ನುವುದು ಬೇಟೆಗಾರರ ಲೆಕ್ಕ. ಒಂದೇ ಕೋವಿ ಬೇರೆ ಬೇರೆ ತೋಟಾ, ಚೋಕ್‌ಗಳಿಗೆ ಬೇರೆ ಬೇರೆ ಗುಂಪು ಬೀಳಿಸುತ್ತದೆ, ಬದಲಿಸಿ ನೋಡಿ. ಆದರೂ ನೂರು ಬೀಳದಿದ್ದರೆ 30 ಮೀಟರಿಗೆ ಬನ್ನಿ, ಬೇಕಾದರೆ 25ಕ್ಕೆ. ಎಲ್ಲಿ ನೂರು ಬೀಳುತ್ತದೋ ಅದಕ್ಕಿಂತ ಆಚೆ ನಿಂತ ಹಕ್ಕಿಗೆ ಈಡು ಹೊಡೆಯಬೇಡಿ.