ಮೆಣಸಿನಕಾಯಿ ಘಾಟಿನ ಊರಿನಲ್ಲಿ ಅಮೋನಿಯಾ

ಬ್ಯಾಡಗಿ ಮಾರುಕಟ್ಟೆಗೆ ಹೊಸದಾಗಿ ಬಂದವರು ಕೆಮ್ಮದೆ ಇರುವುದಿಲ್ಲ. ಊರಿನವರಿಗೆ ಅದು ಲೆಕ್ಕಕ್ಕೇ ಇಲ್ಲ. ಸೋಮವಾರ, ಗುರುವಾರದ ಟೆಂಡರಿಗೆ ಚೀಲಗಳ ಮೇಲೆ ಚೀಲ ಬೀಳುವಾಗ ಘಾಟು ಏಳುತ್ತದೆ, ಕಣ್ಣು ಉರಿಯುತ್ತದೆ, ಹಮಾಲರು ಮುಖಕ್ಕೊಂದು ಬಟ್ಟೆ ಕಟ್ಟಿಕೊಂಡು ಕೆಲಸ ಮುಂದುವರಿಸುತ್ತಾರೆ. ನನ್ನ ಚಿಂತೆ ಇರುವುದು ಇಲ್ಲೇ. ಇದೇ ಊರಿನ ಸುತ್ತ ಎದ್ದು ನಿಂತಿರುವ ಕೋಲ್ಡ್ ಸ್ಟೋರೇಜ್‌ಗಳಂಥ ಕಡೆ ತಂಪು ಮಾಡಲು ಸಾಮಾನ್ಯವಾಗಿ ಬಳಸುವುದು ಅಮೋನಿಯಾ. ಅದು ಸೋರಿದರೂ ಮೊದಲು ಆಗುವುದು ಕಣ್ಣುರಿ ಮತ್ತು ಕೆಮ್ಮು. ಈ ಉದ್ಯಮ ಹುಟ್ಟಿದಾಗಿನಿಂದ ಅಮೋನಿಯಾದ ವಾಸನೆಯನ್ನೇ ಎಚ್ಚರಿಕೆ ಗಂಟೆ ಅಂತ ನಂಬಿಕೊಂಡು ಬಂದಿದೆ. ಆದರೆ ಘಾಟಿಗೆ ಒಗ್ಗಿಹೋದ ಮೂಗನ್ನು ಎಷ್ಟು ನಂಬಬಹುದು?

ಈ ಕಥೆ ಶುರುವಾಗುವುದು ಯುರೋಪಿನಲ್ಲಿ. 1859ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಕಾರೆ ನೀರು ಮತ್ತು ಅಮೋನಿಯಾ ಬಳಸಿ ಐಸ್ ಮಾಡುವ ಯಂತ್ರ ರೂಪಿಸಿದ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾವನ್ನು ಕಂಪ್ರೆಸರ್‌ನಲ್ಲಿ ಒತ್ತಿ ತಂಪು ಮಾಡುವ ಯಂತ್ರ ತಂದ. ಬಿಯರ್ ಕಾರ್ಖಾನೆಗಳು ಅದನ್ನು ಬೇಗ ಕೈಗೆತ್ತಿಕೊಂಡವು. ಇವತ್ತಿನ ಕೋಲ್ಡ್ ಸ್ಟೋರೇಜ್ ಕೆಲಸ ಮಾಡುವುದೂ ಮೂಲದಲ್ಲಿ ಅದೇ ರೀತಿ. ದ್ರವ ಅಮೋನಿಯಾ ಮೈನಸ್ 33 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ, ಕೋಣೆ ತಣ್ಣಗಾಗುತ್ತದೆ. ಆಮೇಲೆ ಆ ಗ್ಯಾಸನ್ನು ಒತ್ತಿ ಮತ್ತೆ ದ್ರವ ಮಾಡುತ್ತಾರೆ. ಬಿಸಿ ಎಳೆಯುವ ಶಕ್ತಿ ಇದಕ್ಕೆ ಎಷ್ಟು ಜಾಸ್ತಿ ಅಂದರೆ, ಹಳೆಯ ಎಸಿಗಳಲ್ಲಿದ್ದ ಆರ್-22 ಗ್ಯಾಸಿಗಿಂತ ಕಿಲೋಗೆ ಸುಮಾರು ಆರು ಪಟ್ಟು.

1930ರ ಹೊತ್ತಿಗೆ ವಿಷವಲ್ಲದ, ಹೊತ್ತಿಕೊಳ್ಳದ ಫ್ರಿಯಾನ್ ಅನ್ನುವ ತಂಪು ಮಾಡುವ ಗ್ಯಾಸ್ ಬಂತು. ಮನೆಯ ಫ್ರಿಜ್‌ಗಳು ಆ ಕಡೆ ಹೊರಳಿದವು. ದೊಡ್ಡ ಗೋದಾಮುಗಳು ಮಾತ್ರ ಅಮೋನಿಯಾ ಬಿಡಲಿಲ್ಲ, ಯಾಕೆಂದರೆ ಅದು ಅಗ್ಗ. ಆಮೇಲೆ ಫ್ರಿಯಾನ್ ಓಝೋನ್ ಪದರ ತಿನ್ನುತ್ತದೆ ಅಂತ ಗೊತ್ತಾಗಿ 1987ರಲ್ಲಿ ಅಂಥ ಗ್ಯಾಸುಗಳನ್ನು ಕಡಿಮೆ ಮಾಡುವ ಮಾಂಟ್ರಿಯಲ್ ಒಪ್ಪಂದವಾಯಿತು. ಅಮೋನಿಯಾ ಓಝೋನಿಗೂ ಹಾನಿ ಮಾಡುವುದಿಲ್ಲ, ಭೂಮಿಯನ್ನೂ ಬಿಸಿ ಮಾಡುವುದಿಲ್ಲ. ಹಾಗಾಗಿ ಅದಕ್ಕೆ ಮತ್ತೆ ಮಹತ್ವ ಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಮೋನಿಯಾ ನಿಲ್ಲಿಸಿ ಅನ್ನುವುದು ನನ್ನ ವಾದವಲ್ಲ. ಅದು ಒಳ್ಳೆಯ ಗ್ಯಾಸು, ಇನ್ನೂ ಬಹಳ ವರ್ಷ ನಮ್ಮ ಜೊತೆ ಇರುತ್ತದೆ. ಅದಕ್ಕೇ ಅದರ ಬಗ್ಗೆ ತಿಳಿದಿರಬೇಕು.

ನಮ್ಮ ದೇಶದಲ್ಲಿ 1964ರ ಕೋಲ್ಡ್ ಸ್ಟೋರೇಜ್ ಆದೇಶ, ಆಮೇಲೆ 1980ರದ್ದು, ಎರಡೂ ಲೈಸೆನ್ಸ್ ಕಡ್ಡಾಯ ಮಾಡಿದ್ದವು. 1997ರಲ್ಲಿ ಅದು ರದ್ದಾಯಿತು. 1999ರಿಂದ ರಾಷ್ಟ್ರೀಯ ತೋಟಗಾರಿಕೆ ಮಂಡಳಿ ಕೋಲ್ಡ್ ಸ್ಟೋರೇಜ್ ಕಟ್ಟಲು ಸಬ್ಸಿಡಿ ಕೊಡತೊಡಗಿತು. ಬ್ಯಾಡಗಿಗೆ ಇದು ಬೇಕಾಗಿಯೂ ಇತ್ತು. ಇಲ್ಲಿನ ಡಬ್ಬಿ, ಕಡ್ಡಿ ತಳಿಯ ಮೆಣಸಿನಕಾಯಿ ಮಾರಾಟವಾಗುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಬಿಸಿಲು, ತೇವ, ಹುಳು ಸೇರಿ ಹೊರಗಿಟ್ಟ ಕಾಯಿಯ ಬಣ್ಣ ಕೆಡಿಸುತ್ತವೆ, ತಂಪಿನಲ್ಲಿಟ್ಟರೆ ಅದು ಉಳಿಯುತ್ತದೆ. ರೇಟು ಬಿದ್ದಾಗ ಕಾಯಲು ರೈತನಿಗೂ ಒಂದು ದಾರಿ. 2024ರ ಮಾರ್ಚ್‌ನಲ್ಲಿ ರೇಟು ಕುಸಿದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ನೆನಪಿದೆ ಅಲ್ವಾ? ಚೀಲ ಒಳಗಿಟ್ಟು ಕಾಯುವ ಶಕ್ತಿ ಎಷ್ಟು ಮುಖ್ಯ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು.

ಕಾನೂನಿನ ಕಡೆ ನೋಡಿದರೆ ಒಂದು ವಿಚಿತ್ರ ಸಂದು ಕಾಣುತ್ತದೆ. 1984ರ ಭೋಪಾಲ್ ದುರಂತದ ನಂತರ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಅದರಲ್ಲಿ ಅಮೋನಿಯಾಕ್ಕೆ ಹಾಕಿದ ಗೆರೆ 60 ಟನ್. ಅಷ್ಟಿದ್ದರೆ ಜಾಗದ ಮಾಹಿತಿಯನ್ನು ಅಧಿಕಾರಿಗಳಿಗೆ ಕೊಡಬೇಕು, ತುರ್ತು ಯೋಜನೆ ಬರೆಯಬೇಕು. ಗೊಬ್ಬರ ಕಾರ್ಖಾನೆಗೆ ಇದು ಸರಿ. ಆದರೆ ಸಾಧಾರಣ ಕೋಲ್ಡ್ ಸ್ಟೋರೇಜಿನಲ್ಲಿ ಇರುವುದು ಕೆಲವೇ ಟನ್. ಸುರಕ್ಷಿತವಾಗಿ ನಡೆಸುವ ಹೊಣೆ ಮಾಲೀಕರಿಗೆ ಇದ್ದೇ ಇದೆ, 1976ರ ತಿದ್ದುಪಡಿಯಿಂದ ಕೋಲ್ಡ್ ಸ್ಟೋರೇಜ್ ಫ್ಯಾಕ್ಟರಿ ಕಾಯ್ದೆಯ ವ್ಯಾಪ್ತಿಗೂ ಬಂತು. ಆದರೆ ಆ 60 ಟನ್ ಗೆರೆಯ ಕೆಳಗೆ ಉಳಿದವರು ಈ ನಿಯಮದ ಪ್ರಕಾರ ತುರ್ತು ಯೋಜನೆ ಬರೆಯಬೇಕಿಲ್ಲ. ಒಂದು ಟನ್ ಸೋರಿದರೂ ಪಕ್ಕದ ಮನೆಯವರಿಗೆ ಅದು ಕಡಿಮೆಯೇನಲ್ಲ. 2015ರ ಜೂನ್‌ನಲ್ಲಿ ಪಂಜಾಬಿನ ದೋರಾಹಾದಲ್ಲಿ ಒಂದೇ ಟ್ಯಾಂಕರ್ ಮೇಲ್ಸೇತುವೆಗೆ ಸಿಕ್ಕಿ ಸೋರಿ ಜನ ಸತ್ತರು. 2017ರಲ್ಲಿ ಕಾನ್ಪುರದ ಹತ್ತಿರ ಶಿವರಾಜಪುರದಲ್ಲಿ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ಕಟ್ಟಡವೇ ಕುಸಿಯಿತು, ಅಲ್ಲೂ ಅಮೋನಿಯಾ ಸೋರಿತ್ತು.

ಈಗ ಮೂಗಿನ ಮಾತು. ಸುಮಾರು 5 ಪಿಪಿಎಂ ಇದ್ದರೇ, ಅಂದರೆ ಗಾಳಿಯ 10 ಲಕ್ಷ ಭಾಗದಲ್ಲಿ 5 ಭಾಗ ಇದ್ದರೇ, ಬಹಳಷ್ಟು ಜನರಿಗೆ ವಾಸನೆ ತಿಳಿಯುತ್ತದೆ. ಎತ್ತಿನ ಗಂಜಲ ಕೊಳೆತ ಕೊಟ್ಟಿಗೆಯ ಖಾರವಾದ ವಾಸನೆ ಇದೇ ಅಮೋನಿಯಾದ್ದು. ದಿನವಿಡೀ ಕೆಲಸ ಮಾಡುವವರಿಗೆ ಅಮೆರಿಕದ ಶಿಫಾರಸು ಮಿತಿ 25. 300 ದಾಟಿದರೆ ಜೀವಕ್ಕೆ ಅಪಾಯ, 5,000ದ ಹತ್ತಿರ ಹೋದರೆ ಸಾವು ಬೇಗ. ಮೂಗು ಬೇಗ ಎಚ್ಚರಿಸುತ್ತದೆ ನಿಜ, ಆದರೆ ದಿನಾ ಅದರಲ್ಲೇ ಇರುವವರ ಮೂಗು ಒಗ್ಗಿಕೊಳ್ಳುತ್ತದೆ, ಆಪರೇಟರ್ 'ಏನೂ ವಾಸನೆ ಇಲ್ಲ' ಅಂದಾಗಲೂ ಅಲ್ಲಿ ಗ್ಯಾಸ್ ಇರಬಹುದು. ಅದಕ್ಕೇ ಗ್ಯಾಸ್ ಡಿಟೆಕ್ಟರ್ ಬೇಕು. ಮೆಣಸಿನಕಾಯಿ ಊರಿನಲ್ಲಂತೂ ಬೇಕೇ ಬೇಕು.

ಸೋರುವುದು ಎಲ್ಲಿ? ಜಾಸ್ತಿ ಭಯಪಡಬೇಕಾದ್ದು ಕಂಪ್ರೆಸರ್ ಎಣ್ಣೆ ತೆಗೆಯುವ ಹೊತ್ತು. ಗ್ಯಾಸಿನ ಜೊತೆ ಪೈಪುಗಳಿಗೆ ಹೋದ ಎಣ್ಣೆಯನ್ನು ಆಗಾಗ ಕೆಳಗಿನಿಂದ ಇಳಿಸಬೇಕಾಗುತ್ತದೆ. ವಾಲ್ವ್ ಸ್ವಲ್ಪ ಜಾಸ್ತಿ ತೆರೆದರೆ, ಅಥವಾ ತೆರೆದಿಟ್ಟು ಆ ಕಡೆ ಹೋದರೆ, ಎಣ್ಣೆಯ ಹಿಂದೆಯೇ ದ್ರವ ಅಮೋನಿಯಾ ನುಗ್ಗುತ್ತದೆ. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ವಾಲ್ವ್ ಇದಕ್ಕಾಗಿಯೇ ಇದೆ, ಹಾಕಿಸುವುದಕ್ಕೆ ಹಣ ನೋಡಬಾರದು. ಎರಡನೆಯದು ಥರ್ಮಾಕೋಲ್ ಹೊದಿಕೆಯ ಒಳಗೆ, ಕಣ್ಣಿಗೆ ಕಾಣದಂತೆ ಪೈಪು ತುಕ್ಕು ಹಿಡಿಯುವುದು. ಇನ್ನೊಂದು, ರಿಪೇರಿಗೆ ಬಂದವರು ಹಿತ್ತಾಳೆ ಅಥವಾ ತಾಮ್ರದ ಭಾಗ ಕೂಡಿಸುವುದು. ಅಮೋನಿಯಾ ಅವೆರಡನ್ನೂ ತಿನ್ನುತ್ತದೆ.

ಅಮೋನಿಯಾ ಗಾಳಿಗಿಂತ ಹಗುರ, ಸುಮ್ನೆ ಮೇಲೆ ಹೋಗಿಬಿಡುತ್ತದೆ ಅನ್ನುವವರಿದ್ದಾರೆ. ಅರ್ಧ ಮಾತ್ರ ನಿಜ. ದ್ರವವೇ ಚಿಮ್ಮಿದರೆ ತಣ್ಣನೆಯ ಬಿಳಿ ಮಂಜಾಗಿ ನೆಲ ಹಿಡಿದೇ ಹರಿಯುತ್ತದೆ. ಆಗ ಗಾಳಿ ಬೀಸುವ ದಿಕ್ಕಿಗೆ ಓಡಬಾರದು, ಅಡ್ಡಕ್ಕೆ ಓಡಿ ಮಂಜಿನಿಂದ ಹೊರಬಂದು ಆಮೇಲೆ ಗಾಳಿ ಬರುವ ಕಡೆ ಹೋಗಬೇಕು. ಛಾವಣಿಯ ಮೇಲೆ ಒಂದು ಗಾಳಿಚೀಲ ಕಟ್ಟಿದ್ದರೆ ದಿಕ್ಕು ಎಲ್ಲರಿಗೂ ಕಾಣುತ್ತದೆ. ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಹೊರಗೆ ಬರುವಷ್ಟಕ್ಕೆ ಸಹಾಯ, ಯಾಕೆಂದರೆ ಅಮೋನಿಯಾ ನೀರಿನಲ್ಲಿ ವಿಪರೀತ ಕರಗುತ್ತದೆ. ಅದೇ ಕಾರಣಕ್ಕೆ ಗ್ಯಾಸಿನ ಮೋಡಕ್ಕೆ ಅಗ್ನಿಶಾಮಕದವರು ನೀರು ಸಿಂಪಡಿಸುತ್ತಾರೆ. ಆದರೆ ನೆಲದ ಮೇಲೆ ನಿಂತ ದ್ರವಕ್ಕೆ ನೀರು ಸುರಿಯಬಾರದು, ನೀರಿನ ಬಿಸಿಗೆ ಅದು ಇನ್ನೂ ಜೋರಾಗಿ ಕುದಿಯುತ್ತದೆ. ಮುಚ್ಚಿದ ಯಂತ್ರದ ಕೋಣೆಯಲ್ಲಿ ಶೇ 15ರಿಂದ 28ರಷ್ಟು ತುಂಬಿದರೆ ಕಿಡಿಗೆ ಸಿಡಿಯುತ್ತದೆ ಕೂಡ.

ಇದೆಲ್ಲ ಆಪರೇಟರಿಗೆ ಗೊತ್ತಿರಬಹುದು. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹಳ್ಳಿಗಳಿಂದ ಬರುವ ಅಕ್ಕಂದಿರಿಗೆ, ಚೀಲ ಹೊರುವ ಹಮಾಲರಿಗೆ, ಲಾರಿಯ ಕ್ಲೀನರಿಗೆ ಯಾರು ಹೇಳಬೇಕು? ಸೀಸನ್ ಶುರುವಾಗುವ ಮೊದಲು, ಡಿಸೆಂಬರಿನಲ್ಲೇ, ಅವರನ್ನೆಲ್ಲ ಒಂದು ದಿನ ಸೇರಿಸಿ ಯಾವ ಬಾಗಿಲಿನಿಂದ ಹೊರಗೆ ಓಡಬೇಕು ಅಂತ ಓಡಿಸಿಯೇ ತೋರಿಸಬೇಕು. ಅದಕ್ಕೆ ಕೂಲಿಯನ್ನೂ ಕೊಡಬೇಕು. ಕೋಣೆಯ ಬಾಗಿಲುಗಳು ಒಳಗಿನಿಂದ ತೆರೆಯುತ್ತವೆಯೇ ಅಂತ ಅವತ್ತೇ ನೋಡಬೇಕು.

ಕಣ್ಣಿಗೆ ತಗುಲಿದರೆ ಅಲ್ಲೇ, ಕೂಡಲೇ, ಕಡಿಮೆ ಅಂದರೂ 15 ನಿಮಿಷ ರೆಪ್ಪೆ ಬಿಡಿಸಿ ನೀರು ಹಾಯಿಸಿ. ಗಾಡಿ ಹುಡುಕುವುದು ಆಮೇಲೆ. ಬಟ್ಟೆ ಮೈಗೆ ಹೆಪ್ಪುಗಟ್ಟಿದ್ದರೆ ಎಳೆಯಬೇಡಿ, ಮೊದಲು ನೀರು ಸುರಿದು ಬಿಡಿಸಿ. ಗ್ಯಾಸ್ ಜೋರಾಗಿ ಕುಡಿದವರು 'ಆರಾಮ ಅದೀನಿ' ಅಂದರೂ ಮನೆಗೆ ಕಳಿಸಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟು ಶುರುವಾಗಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮೆಣಸಿನಕಾಯಿ ಘಾಟಲ್ಲ, ಅಮೋನಿಯಾ ಅಂತ ಡಾಕ್ಟರಿಗೆ ಬಾಗಿಲಲ್ಲೇ ಹೇಳಿ.