ಜನ ಸೇರಿದರಷ್ಟೇ ಸಾಲದು

ರಾಜ್ಯಶಾಸ್ತ್ರದ ತರಗತಿಯಲ್ಲಿ ಅಹಿಂಸಾ ಹೋರಾಟದ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವುದು ಒಂದೇ ಪ್ರಶ್ನೆ: "ಸರ್, ಎದುರಿರುವವನಿಗೆ ಮನಸ್ಸಾಕ್ಷಿಯೇ ಇಲ್ಲದಿದ್ದರೆ?" ಸತ್ಯಾಗ್ರಹವೆಂದರೆ ಹೃದಯ ಪರಿವರ್ತನೆ ಎಂದಷ್ಟೇ ಕಲಿಸಿದರೆ ಇದಕ್ಕೆ ಉತ್ತರವಿಲ್ಲ. ಗಾಂಧೀಜಿಯ ಚಳವಳಿಗಳನ್ನು ಆಳವಾಗಿ ಅಧ್ಯಯನ ಮಾಡಿದ ಅಮೆರಿಕದ ಜೀನ್ ಶಾರ್ಪ್ ಹಿಡಿದ ಎಳೆಯೇ ಬೇರೆ. ಆಳುವವನ ಬಲ ಅವನ ಸ್ವಂತದ್ದಲ್ಲ. ಪೊಲೀಸರು, ಗುಮಾಸ್ತರು, ಕಾರ್ಮಿಕರು, ತೆರಿಗೆ ಕಟ್ಟುವವರು ದಿನವೂ ಅವನ ಮಾತು ಕೇಳುವುದರಿಂದ ಬಂದದ್ದು. ಅವರು ಕೈಬಿಟ್ಟರೆ, ಅವನ ಮನಸ್ಸು ಕರಗಲಿ ಬಿಡಲಿ, ಆಡಳಿತ ನಡೆಯುವುದಿಲ್ಲ.

ಇದಕ್ಕೆ ನಾನು ಕೊಡುವ ಉದಾಹರಣೆ ಸರ್ಬಿಯಾ. ಅಲ್ಲಿ ಆಳುತ್ತಿದ್ದ ಸ್ಲೊಬೊದಾನ್ ಮಿಲೊಸೆವಿಚ್ ವಿರುದ್ಧ 1996–97ರ ಚಳಿಗಾಲದಲ್ಲಿ ರಾಜಧಾನಿ ಬೆಲ್‌ಗ್ರೇಡ್‌ನ ಬೀದಿಗಳಲ್ಲಿ ತಿಂಗಳುಗಟ್ಟಲೆ ಮೆರವಣಿಗೆ ನಡೆಯಿತು. ಸ್ಥಳೀಯ ಚುನಾವಣೆಗಳಲ್ಲಿ ವಿರೋಧಿಗಳ ಗೆಲುವನ್ನು ಆತ ಒಪ್ಪಬೇಕಾಯಿತು, ಅಷ್ಟೇ. ಆಮೇಲೆ ವಿರೋಧ ಪಕ್ಷಗಳ ಒಕ್ಕೂಟವೇ ಒಡೆಯಿತು. 1999ರಲ್ಲಿ ನ್ಯಾಟೊ 78 ದಿನ ಬಾಂಬ್ ಸುರಿಸಿದರೂ ಕುರ್ಚಿ ಅಲುಗಲಿಲ್ಲ.

1998ರಲ್ಲಿ ವಿದ್ಯಾರ್ಥಿಗಳು ಕಟ್ಟಿದ 'ಓಟ್‌ಪೊರ್' ಸಂಘಟನೆ ಪೊಲೀಸರನ್ನು ಶತ್ರುಗಳಂತೆ ಕಾಣಲಿಲ್ಲ. ಗೆಳೆಯರ ಬಂಧನವಾದರೆ ಉಳಿದವರು ವಕೀಲರು, ಪತ್ರಕರ್ತರ ಜೊತೆ ಠಾಣೆಯ ಮುಂದೆ ಸೇರುತ್ತಿದ್ದರು. ಸರ್ಕಾರ ಅವರನ್ನು ಭಯೋತ್ಪಾದಕರೆಂದು ಕರೆಯಿತು. ಆದರೆ ಸಣ್ಣ ಊರಿನ ಪೇದೆಗೆ ಒಳಗೆ ಕೂತಿರುವ ಹುಡುಗ ಯಾರ ಮಗನೆಂದು ಗೊತ್ತಿರುತ್ತದಲ್ಲ!

2000ರ ಸೆಪ್ಟೆಂಬರ್ 24ರ ಅಧ್ಯಕ್ಷ ಚುನಾವಣೆಯಲ್ಲಿ 18 ಪಕ್ಷಗಳು ಒಗ್ಗೂಡಿ ಮಿಲೊಸೆವಿಚ್ ಎದುರು ವೊಯಿಸ್ಲಾವ್ ಕೊಸ್ತುನಿತ್ಸಾ ಅವರನ್ನು ನಿಲ್ಲಿಸಿದವು. ಅವರು ಗೆದ್ದರೂ ಚುನಾವಣಾ ಆಯೋಗ ಎರಡನೇ ಸುತ್ತಿನ ಮತದಾನವೇ ಆಗಬೇಕೆಂದಿತು. ಆಗ ಕೊಲುಬಾರಾದ ಕಲ್ಲಿದ್ದಲು ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಹೋರಾಟದ ತಿರುವು ಇದೇ. ಸರ್ಬಿಯಾದ ವಿದ್ಯುತ್ತಿನ ಸುಮಾರು ಅರ್ಧದಷ್ಟು ಆ ಕಲ್ಲಿದ್ದಲಿನಿಂದ ಬರುತ್ತಿತ್ತು. ಗಣಿಯನ್ನು ವಶಕ್ಕೆ ಪಡೆಯಲು ಸರ್ಕಾರ ಪೊಲೀಸರನ್ನು ಕಳಿಸಿತು. ಅಕ್ಟೋಬರ್ 4ರಂದು ಸುತ್ತಲಿನ ಊರುಗಳಿಂದ ಸಾವಿರಾರು ಜನ ಬಂದು ತಡೆಗೋಡೆಗಳನ್ನು ತಳ್ಳಿಕೊಂಡು ಗಣಿಯೊಳಗೆ ನುಗ್ಗಿದರು. ಪೊಲೀಸರು ದಾರಿ ಬಿಟ್ಟರು. ಪೊಲೀಸರನ್ನು ಗಣಿಗೆ ಕಳಿಸಬಹುದು, ಅವರಿಂದ ಕಲ್ಲಿದ್ದಲು ಅಗೆಸಲಾಗದು. ಮರುದಿನ ಬೆಲ್‌ಗ್ರೇಡ್‌ಗೆ ಲಕ್ಷಾಂತರ ಜನ ಬಂದರು. ಮಿಲೊಸೆವಿಚ್ ಅಕ್ಟೋಬರ್ 6ರಂದು ಸೋಲೊಪ್ಪಿಕೊಂಡರು.

ಅಕ್ಟೋಬರ್ 5ರಂದು ಸಂಸತ್ ಭವನಕ್ಕೂ ಸರ್ಕಾರಿ ಟಿವಿ ಕಚೇರಿಗೂ ಬೆಂಕಿ ಬಿತ್ತು. ಅದನ್ನು ಮುಚ್ಚಿಟ್ಟು ಪಾಠ ಮಾಡಬಾರದು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿತ್ತು. ವಿಶೇಷ ಪೊಲೀಸ್ ಪಡೆಯೊಂದು ಅಂದು ಗುಂಡು ಹಾರಿಸದಂತೆ ವಿರೋಧ ಪಕ್ಷದ ನಾಯಕ ಜೊರಾನ್ ಜಿಂಜಿಚ್ ಅದರ ಕಮಾಂಡರ್ ಜೊತೆ ಮೊದಲೇ ಮಾತಾಡಿಕೊಂಡಿದ್ದರು. ಪಡೆ ಪಕ್ಕಕ್ಕೆ ಸರಿಯಿತು, ಆದರೆ ಹಾಗೇ ಉಳಿಯಿತು. ಮುಂದೆ ಪ್ರಧಾನಿಯಾದ ಜಿಂಜಿಚ್ ಅವರನ್ನು 2003ರ ಮಾರ್ಚ್ 12ರಂದು ಗುಂಡಿಟ್ಟು ಕೊಲ್ಲಲಾಯಿತು. ಆ ಸಂಚಿನಲ್ಲಿ ಶಿಕ್ಷೆಯಾದವರಲ್ಲಿ ಅದೇ ಕಮಾಂಡರ್ ಇದ್ದ.